ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಆರೋಗ್ಯ ಮಾಹಿತಿ ವ್ಯವಸ್ಥೆ ಕಲಿಸಬೇಕಿದೆ, ಎಕ್ಸೆಲ್‌ನಿಂದ ಶುರು ಮಾಡಲೋ, ಅಂಕಿಅಂಶ ವಿಶ್ಲೇಷಣೆಯ ಆರ್ ಭಾಷೆಯಿಂದಲೋ?

ಎರಡೂ ಬೇಡ. ರಿಜಿಸ್ಟರಿನಿಂದ ಶುರು ಮಾಡಿ.

ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೆ ಈಗಷ್ಟೇ ಸೇರಿದ್ದೀರಿ, ಈ ಪಾಠ ನಿಮ್ಮ ಪಾಲಿಗೆ ಬಂದಿದೆ, ಮಕ್ಕಳಿಗೆ ಆಸಕ್ತಿ ಇಲ್ಲ ಎಂದಿದ್ದೀರಿ. ನಾನು ಸೇರಿದಾಗಲೂ ಹೀಗೇ ಇತ್ತು. ನಾನು ಹಿಡಿದದ್ದು ಎಕ್ಸೆಲ್. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಕೇಳಿ ವರ್ಷದ ಎಚ್‌ಎಂಐಎಸ್ (ಸರ್ಕಾರಿ ಆರೋಗ್ಯ ಸೇವೆಗಳ ಅಂಕಿ ಸೇರಿಸುವ ವ್ಯವಸ್ಥೆ) ಮಾಸಿಕ ವರದಿಗಳನ್ನು ತಂದು, ಒಂದೇ ಶೀಟಿಗೆ ಜೋಡಿಸಿ ಮಕ್ಕಳ ಕೈಗೆ ಕೊಟ್ಟೆ. ಅವರು ಉತ್ಸಾಹದಿಂದಲೇ ಕೂತರು. ನೋಂದಣಿಯಾದ ಗರ್ಭಿಣಿಯರೆಷ್ಟು, ಆ ಕೇಂದ್ರದಲ್ಲಿ ಆದ ಹೆರಿಗೆ ಎಷ್ಟು ಎಂದು ಭಾಗಿಸಿದರೆ ಅರ್ಧವೂ ಬರಲಿಲ್ಲ. 'ಹೆಚ್ಚಿನ ಗರ್ಭಿಣಿಯರು ಆಸ್ಪತ್ರೆ ಹೆರಿಗೆಗೆ ಬರುತ್ತಿಲ್ಲ, ಸಿಬ್ಬಂದಿಯ ಅನುಸರಣೆ ಸಾಲದು' ಎಂದು ಬರೆದರು. ನಾನು ಸಹಿ ಹಾಕಿದೆ. ಒಂದು ಪ್ರತಿ ಮೇಲಿನ ಕಚೇರಿಗೂ ಹೋಯಿತು. ಆಮೇಲೆ ಕೇಂದ್ರದ ಮಾಸಿಕ ಸಭೆಯಲ್ಲಿ ಆಶಾ ಕಾರ್ಯಕರ್ತೆಯರು, ಸಿಸ್ಟರ್‌ಗಳ ಎದುರೇ ಅದನ್ನು ಓದಿಸಿದೆ.

ಹಿರಿಯ ಸಿಸ್ಟರ್ ಒಬ್ಬರು ಎದ್ದು, "ಮೇಡಂ, ನಮ್ಮೂರ ಸೊಸೆಯಂದಿರು ಚೊಚ್ಚಲ ಹೆರಿಗೆಗೆ ತವರಿಗೆ ಹೋಗ್ತಾರೆ. ಮಿಕ್ಕವರು ತಾಲ್ಲೂಕು ಆಸ್ಪತ್ರೆಗೆ ಹೋಗ್ತಾರೆ. ಮನೇಲಿ ಒಂದೂ ಹೆರಿಗೆ ಆಗಿಲ್ಲ. ನಮ್ಮ ರಿಜಿಸ್ಟರ್ ನೋಡಿದ್ರಾ?" ಎಂದರು. ನೋಡಿರಲಿಲ್ಲ. ತಂದು ಬಿಚ್ಚಿ ತೋರಿಸಿದರು. ಷರಾ ಕಾಲಂನಲ್ಲಿ ಕೆಂಪು ಇಂಕಿನಲ್ಲಿ ಒಬ್ಬೊಬ್ಬರದೂ ಇತ್ತು: ತವರು ಯಾವ ಊರು, ಯಾವ ಆಸ್ಪತ್ರೆ, ಸಹಜವೋ ಸಿಸೇರಿಯನ್ನೋ, ಮಗುವಿನ ತೂಕ, ಗಂಡನ ಫೋನ್ ನಂಬರು. ಅಷ್ಟೂ ಮನೆಗಳಿಗೆ ಅವರೇ ಫೋನ್ ಮಾಡಿ ಬರೆದುಕೊಂಡಿದ್ದರು. ಅಂಥವರ ಮೇಲೆ ಅನುಸರಣೆ ಸಾಲದು ಎಂಬ ಮಾತು ಬಂದಿತ್ತು. ಆ ತಿಂಗಳೇ ಅವರಿಗೆ ವಿವರಣೆ ಕೇಳಿ ನೋಟಿಸ್ ಬಂತು. ಅದನ್ನು ವಾಪಸ್ ತೆಗೆಸಲು ಓಡಾಡಿದೆ. ಆದರೂ ಆ ಕೇಂದ್ರದವರು ನಮ್ಮ ಬ್ಯಾಚುಗಳನ್ನು ಬಹಳ ಕಾಲ ಒಳಗೆ ಬಿಡಲಿಲ್ಲ. ಅವರದು ನ್ಯಾಯವೇ.

ತಪ್ಪು ಎಲ್ಲಾಯಿತು ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಇಡೀ ಪಾಠ ಇದರೊಳಗೇ ಇದೆ. ಭಾಗಾಕಾರ ಸರಿಯಿತ್ತು. 2008ರಲ್ಲಿ ಶುರುವಾದ ಎಚ್‌ಎಂಐಎಸ್ ಲೆಕ್ಕ ಇಡುವುದು ಸೇವೆಯನ್ನು, ಅದೂ ಸೇವೆ ನಡೆದ ಜಾಗದಲ್ಲಿ. ಗಂಡನ ಊರಿನಲ್ಲಿ ನೋಂದಣಿಯಾದವಳು ಅಲ್ಲಿ ಒಂದು ಅಂಕಿ, ತವರಿನ ಹತ್ತಿರದ ಆಸ್ಪತ್ರೆಯಲ್ಲಿ ಹೆತ್ತರೆ ಆ ಆಸ್ಪತ್ರೆಯಲ್ಲಿ ಇನ್ನೊಂದು ಅಂಕಿ. ಎರಡೂ ಒಬ್ಬಳೇ ಎಂದು ಆ ವರದಿಗೆ ಗೊತ್ತಿರುವುದಿಲ್ಲ. ನಾವು ಮೇಲಿಟ್ಟ ಹೆಂಗಸರು ಬೇರೆ, ಕೆಳಗಿಟ್ಟ ಹೆಂಗಸರು ಬೇರೆ. ಇದೇ ಲೆಕ್ಕವನ್ನು ತಾಲ್ಲೂಕು ಆಸ್ಪತ್ರೆಗೆ ಹಾಕಿದ್ದರೆ ನೂರಕ್ಕೆ ನೂರು ದಾಟಿ, ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಬರೆಯುತ್ತಿದ್ದೆವು. ಹೆಸರು ಹಿಡಿದು ಒಬ್ಬೊಬ್ಬ ತಾಯಿಯನ್ನು ಹಿಂಬಾಲಿಸುವುದು ಆರ್‌ಸಿಎಚ್ ಎಂಬ ತಾಯಿ-ಮಗುವಿನ ಆರೋಗ್ಯದ ಪೋರ್ಟಲ್. ಹೆರಿಗೆ ಆಯಿತೇ ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಬೇಕಿತ್ತು. ಈ ಎರಡರ ವ್ಯತ್ಯಾಸವನ್ನು ಪರೀಕ್ಷೆಗೆಂದು ಬೋರ್ಡಿನ ಮೇಲೆ ಬರೆಸಿದ್ದೆ. ಅಂಕಿ ಎಲ್ಲಿ ಹುಟ್ಟುತ್ತದೆ ಎಂದು ಮಾತ್ರ ತೋರಿಸಿರಲಿಲ್ಲ. ಚೊಕ್ಕ ಮಾಡಿದ ಶೀಟನ್ನು ಮೊದಲು ಕೊಟ್ಟರೆ ಅಂಕಿಯ ಹಿಂದೆ ಬರೆದವರೊಬ್ಬರು ಇದ್ದಾರೆ ಎಂಬುದೇ ಮಕ್ಕಳಿಗೆ ಹೊಳೆಯುವುದಿಲ್ಲ.

ಈಗ ನಾನು ಮಾಡುವುದು ಹೀಗೆ. ಉಪಕೇಂದ್ರದಲ್ಲಿ ಸಿಸ್ಟರ್ ಪಕ್ಕದಲ್ಲೇ ಕೂರಿಸುತ್ತೇನೆ. ಪ್ರತಿಯೊಬ್ಬರಿಗೂ ರಿಜಿಸ್ಟರಿನ ಒಂದು ಸಾಲು, ಹೆಸರಿನ ಮೇಲೆ ಕಾಗದ ಮುಚ್ಚಿ. ಆ ಸಾಲಿನ ಗರ್ಭಿಣಿ ತನ್ನ ಕೈಯಲ್ಲಿರುವ ತಪಾಸಣೆಯ 'ತಾಯಿ ಕಾರ್ಡಿ'ನಲ್ಲಿ ಹೇಗಿದ್ದಾಳೆ, ಆರ್‌ಸಿಎಚ್‌ನಲ್ಲಿ ಹೇಗೆ, ಮಾಸಿಕ ವರದಿಯಲ್ಲಿ ಬರೀ '1' ಆಗುವಾಗ ಏನೇನು ಕಳೆದುಹೋಯಿತು ಎಂದು ಬರೆದುಕೊಂಡು ಬರಬೇಕು. ಮೊಬೈಲಿನಲ್ಲಿ ರಿಜಿಸ್ಟರಿನ ಫೋಟೋ ತೆಗೆಯಕೂಡದು, ಈ ವಿಷಯದಲ್ಲಿ ರಿಯಾಯಿತಿ ಇಲ್ಲ. ಕುಟುಂಬ ದತ್ತು ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಆರೋಗ್ಯ ವಿಚಾರಿಸಿಕೊಳ್ಳುವ ಹಳ್ಳಿಯ ಮನೆಗಳು ಅವರಿಗೆ ಮೊದಲ ವರ್ಷದಿಂದಲೇ ಪರಿಚಯ ಇರುವುದರಿಂದ ಇದು ಕಷ್ಟವೇನಲ್ಲ.

ಆಮೇಲೆ ಡೆಂಗಿ. ಜ್ವರ ಬಂದ ಒಬ್ಬ ಹುಡುಗ ಐಎಚ್‌ಐಪಿ ಎಂಬ ರೋಗ ನಿಗಾ ಪೋರ್ಟಲ್‌ನಲ್ಲಿ ಆರೋಗ್ಯ ಕಾರ್ಯಕರ್ತೆಯ ಎಸ್ ಫಾರಂನಲ್ಲಿ ಬರೀ ಜ್ವರ, ವೈದ್ಯರ ಪಿ ಫಾರಂನಲ್ಲಿ ಶಂಕಿತ ಡೆಂಗಿ, ಪ್ರಯೋಗಾಲಯದ ಎಲ್ ಫಾರಂನಲ್ಲಿ ಖಚಿತ ಡೆಂಗಿ. ಮೂರನ್ನೂ ಕೂಡಿಸಿದವರು ಒಬ್ಬನನ್ನು ಮೂವರು ಮಾಡಿದರು. ಇದನ್ನು ಕ್ಲಾಸಿನಲ್ಲೇ ಮಾಡಿಸಬಹುದು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಸಾವಿನ ಕಾರಣದ ಪ್ರಮಾಣಪತ್ರಕ್ಕೆ, ಆಸ್ಪತ್ರೆ ಸಾವಿಗೆ ತುಂಬುವ ನಮೂನೆ 4. ಮಕ್ಕಳು ಕಣ್ಣು ಮುಚ್ಚಿ 'ಹೃದಯ ಸ್ತಂಭನ' ಎಂದು ಬರೆಯುತ್ತಾರೆ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು, ಅದರಿಂದ ರಕ್ತಕ್ಕೆ ಸೋಂಕು ಎಂದಾದರೆ ತಕ್ಷಣದ ಕಾರಣ ಮೇಲಿನ ಸಾಲಿನಲ್ಲಿ, ಮೂಲ ಕಾರಣವಾದ ಸಕ್ಕರೆ ಕಾಯಿಲೆ ಕೊನೆಯ ಸಾಲಿನಲ್ಲಿ ಬರಬೇಕು. ರಾಜ್ಯದ ಲೆಕ್ಕಕ್ಕೆ ಹೋಗುವುದು ಆ ಮೂಲ ಕಾರಣ. ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರು ಇದಕ್ಕೆ ಸಹಿ ಹಾಕಬೇಕಾಗಬಹುದು. ಆರ್ ಭಾಷೆ ಬರದಿದ್ದರೆ ಆಗುವ ನಷ್ಟ ಇದರ ಮುಂದೆ ಏನೂ ಅಲ್ಲ.

ಕ್ಷಯ ರೋಗಿಗಳನ್ನು ನೋಂದಾಯಿಸುವ ನಿಕ್ಷಯ್ ಪೋರ್ಟಲ್ ಕೂಡ ತೋರಿಸಿ. ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000. ಬ್ಯಾಂಕ್ ಖಾತೆಯ ಒಂದು ಅಂಕೆ ತಪ್ಪಾಗಿ ನಮೂದಾದರೆ ಅದು ರೋಗಿಯ ಕೈ ಸೇರುವುದಿಲ್ಲ. ಡೇಟಾ ಗುಣಮಟ್ಟ ಎಂದರೇನು ಎಂಬುದಕ್ಕೆ ಬೇರೆ ಸ್ಲೈಡ್ ಬೇಕಿಲ್ಲ.

ಆಭಾ ಸಂಖ್ಯೆ (ಒಬ್ಬೊಬ್ಬರ ಡಿಜಿಟಲ್ ಆರೋಗ್ಯ ಗುರುತು ಸಂಖ್ಯೆ), ಅದನ್ನು ಕೊಡುವ ಡಿಜಿಟಲ್ ಮಿಷನ್ ಎಲ್ಲ ಕೊನೆಗಿರಲಿ. ಎಕ್ಸೆಲ್‌ಗೆ ಒಂದು ಮಧ್ಯಾಹ್ನ ಸಾಕು. ಆರ್ ಕಲಿಯಬೇಕೆನ್ನುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ, ಅವರಿಗೆ ಕಲಿಸಿ.

ಇಂಟರ್ನಲ್ ಪರೀಕ್ಷೆಗೆ ಏನು ಕೇಳಲಿ ಎಂದೂ ಕೇಳಿದ್ದೀರಿ. ನಾನು ಒಂದು ಕೇಂದ್ರದ ತಿಂಗಳ ವರದಿ ಕೊಟ್ಟು, ಇದರಲ್ಲಿ ಯಾವ ಅಂಕಿ ನೋಡಿ ಯಾರಿಗೆ ಫೋನ್ ಮಾಡುತ್ತೀರಿ, ಏನೆಂದು ಕೇಳುತ್ತೀರಿ ಎಂದು ಬರೆಸುತ್ತೇನೆ. ಪೈ ಚಾರ್ಟಿಗೆ ಅಂಕ ಕೊಡುವುದಿಲ್ಲ.