ಕ್ಲೌಡ್‌ನಲ್ಲಿ ರೋಗಿಗಳ ದಾಖಲೆ ಇಡಲು ಎಇಎಸ್-256 ಸಾಕೇ?

ಡಾಕ್ಟರೇ, ಕ್ಲಿನಿಕ್‌ನ ರೋಗಿಗಳ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಕ್ಲೌಡ್‌ಗೆ ಹಾಕುತ್ತೇನೆ, ಕಂಪನಿಯವರು ಎಇಎಸ್-256 ಎನ್‌ಕ್ರಿಪ್ಷನ್ (ಮಾಹಿತಿಯನ್ನು ಬೇರೆಯವರು ಓದಲಾಗದ ರೂಪಕ್ಕೆ ಬದಲಿಸುವ ವಿಧಾನ) ಇದೆ ಅನ್ನುತ್ತಾರೆ, ಸಾಕೇ ಎಂದು ಕೇಳಿದ್ದೀರಿ. ನನ್ನ ಉತ್ತರ: ಸಾಲದು.

ಎಇಎಸ್ ಬಗ್ಗೆ ಅನುಮಾನ ಬೇಡ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2001ರಲ್ಲೇ ಮಾನ್ಯ ಮಾಡಿದ ವಿಧಾನ ಅದು. ಸರಿಯಾಗಿ ಬಳಸಿದರೆ ಇವತ್ತಿಗೂ ಗಟ್ಟಿ. ಫೈಲ್ ಇಂಟರ್ನೆಟ್‌ನಲ್ಲಿ ಹೋಗಿಬರುವಾಗ ದಾರಿಯಲ್ಲಿ ಯಾರೂ ಓದದಂತೆ ಟಿಎಲ್‌ಎಸ್ ಎಂಬ ವ್ಯವಸ್ಥೆ ಕಾಯುತ್ತದೆ. ನೀವು ಅವರನ್ನು ಕೇಳಬೇಕಾದದ್ದು ಬೇರೆ: ಎನ್‌ಕ್ರಿಪ್ಷನ್ ಬಿಡಿಸುವ ಕೀ ಯಾರ ಹತ್ತಿರ ಇರುತ್ತದೆ?

ಸಾಮಾನ್ಯವಾಗಿ ಅವರ ಹತ್ತಿರವೇ. ಡೇಟಾ ಸೆಂಟರ್‌ನಿಂದ ಯಾರಾದರೂ ಡಿಸ್ಕ್ ಕದ್ದರೆ ಆ ಎನ್‌ಕ್ರಿಪ್ಷನ್ ನಿಮ್ಮನ್ನು ಕಾಪಾಡುತ್ತದೆ. ಆದರೆ ನಿಮ್ಮ ಲಾಗಿನ್ ಕದ್ದವನಿಗೆ ಸರ್ವರ್ ತಾನೇ ಬಿಡಿಸಿ ಕೊಡುತ್ತದೆ, ಅದರ ಕಣ್ಣಿಗೆ ಅವನೂ ನೀವೇ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ಆದದ್ದು ಇಂಥದ್ದೇ. ಕ್ಲೌಡ್‌ನಲ್ಲಿದ್ದ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಹೊರಗೆ ಹೋಯಿತು. ಡೇಟಾ ಎನ್‌ಕ್ರಿಪ್ಟ್ ಆಗಿತ್ತು, ಆದರೆ ಒಳನುಗ್ಗಿದವರಿಗೆ ಸಿಕ್ಕ ಅನುಮತಿಯಲ್ಲೇ ಅದು ಬಿಚ್ಚಿಕೊಂಡಿತೆಂದು ಬ್ಯಾಂಕೇ ಹೇಳಿತು.

ಹಾಗಾಗಿ ಫೈಲ್ ನಿಮ್ಮ ಕಂಪ್ಯೂಟರ್ ಬಿಡುವ ಮೊದಲೇ ಎನ್‌ಕ್ರಿಪ್ಟ್ ಆಗಲಿ. ಕ್ರಿಪ್ಟೊಮೇಟರ್ ಎಂಬ ಓಪನ್ ಸೋರ್ಸ್ ತಂತ್ರಾಂಶ ಸಾಕು. ಅದು ಫೈಲ್ ಹೆಸರುಗಳನ್ನೂ ಮರೆಮಾಡುತ್ತದೆ. 'ಎಚ್‌ಐವಿ ರಿಪೋರ್ಟ್' ಎಂಬ ಹೆಸರೊಂದೇ ಎಷ್ಟು ಹೇಳಿಬಿಡುತ್ತದೆ ಎಂದು ನಿಮಗೆ ನಾನು ವಿವರಿಸಬೇಕಿಲ್ಲ. ಕ್ಲೌಡ್‌ನ ಸರ್ಚ್, ಪ್ರಿವ್ಯೂ ಆಗ ಕೆಲಸ ಮಾಡುವುದಿಲ್ಲ. ರೋಗಿಯ ಗುಟ್ಟಿನ ಮುಂದೆ ಅದು ದೊಡ್ಡ ನಷ್ಟವಲ್ಲ.

ನೀವು ಬಳಸುವುದು ಬ್ರೌಸರ್‌ನಲ್ಲೇ ನಡೆಯುವ ಕ್ಲಿನಿಕ್ ಸಾಫ್ಟ್‌ವೇರ್ ಆದರೆ ಈ ದಾರಿ ಹೊಂದುವುದಿಲ್ಲ. ಆಗ ಲಾಗಿನ್ ಕಾಯುವುದೇ ಮುಖ್ಯ: ಎರಡು ಹಂತದ ದೃಢೀಕರಣ ಹಾಕಿಸಿ, ರಿಸೆಪ್ಷನ್‌ನವರಿಗೆ ನಿಮ್ಮ ಪಾಸ್‌ವರ್ಡ್ ಕೊಡದೆ ಅವರದೇ ಖಾತೆ ಮಾಡಿಸಿ.

ಕೀ ನಿಮ್ಮ ಕೈಗೆ ಬಂದಮೇಲೆ ಒಂದು ಭಾರವೂ ಬರುತ್ತದೆ. ಪಾಸ್‌ವರ್ಡೂ, ಅದು ಮರೆತಾಗ ಬಳಸುವ ರಿಕವರಿ ಕೀಯೂ ಎರಡೂ ಕಳೆದರೆ ಯಾವ ಕಸ್ಟಮರ್ ಕೇರ್‌ನವರೂ ದಾಖಲೆ ವಾಪಸ್ ಕೊಡಲಾರರು. ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಕ್ಲಿನಿಕ್‌ನಲ್ಲಲ್ಲದೆ ಬೇರೆ ಕಡೆ ಬೀಗ ಹಾಕಿಡಿ. ಹಳೆಯ ಕಡತಗಳನ್ನು ಅಳಿಸುವ ಮೊದಲು, ಆ ಕೀಯಿಂದ ಬೇರೊಂದು ಕಂಪ್ಯೂಟರ್‌ನಲ್ಲಿ ಫೈಲ್ ತೆರೆಯುತ್ತದೆಯೇ ಎಂದು ನೋಡಿ.