ಕೋವಿಡ್ ಲಸಿಕೆಯ ಎರಡು ಡೋಸ್ ಹಾಕಿಸಿಕೊಂಡವರಿಗೂ ಓಮಿಕ್ರಾನ್, ಅಂದರೆ ಕೋವಿಡ್ ವೈರಸ್ಸಿನ ಬದಲಾದ ರೂಪ, ಬಂದದ್ದು ಹೇಗೆ? ವೈರಸ್ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾ?

ಕಲಿಯುವುದೇನೂ ಇಲ್ಲ, ಅದಕ್ಕೆ ತಲೆಯೇ ಇಲ್ಲವಲ್ಲ! ನಡೆಯುವುದು ಬರೀ ಕಾಪಿ ಮಾಡುವಾಗಿನ ತಪ್ಪು. ವೈರಸ್ ನಮ್ಮ ಜೀವಕೋಶದೊಳಗೆ ತನ್ನ ತಳಿ ಮಾಹಿತಿಯ ಎಳೆಯನ್ನು, ಅಂದರೆ ಆರ್‌ಎನ್‌ಎ ನಕಲು ಮಾಡುವಾಗ ಆಗಾಗ ಒಂದಕ್ಷರ ತಪ್ಪುತ್ತದೆ. ಹೆಚ್ಚಿನ ತಪ್ಪುಗಳಿಂದ ಅದಕ್ಕೇನೂ ಲಾಭವಿಲ್ಲ, ಕೆಲವು ಅದಕ್ಕೇ ಮುಳುವಾಗುತ್ತವೆ. ಅಪರೂಪಕ್ಕೆ ಒಂದೊಂದು ಮಾತ್ರ ಅದರ ಅನುಕೂಲಕ್ಕೆ ಬರುತ್ತದೆ.

ಮೊದಲ ಲಸಿಕೆಗಳು ತಯಾರಾದದ್ದು 2020ರ ಶುರುವಿನ ವೈರಸ್ ನೋಡಿ. ಅವುಗಳಿಂದ ನಮ್ಮ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು (ರೋಗಾಣುವನ್ನು ಹಿಡಿಯುವ ಪ್ರೋಟೀನುಗಳು) ವೈರಸ್ಸಿನ ಮುಳ್ಳಿಗೆ, ಅಂದರೆ ಸ್ಪೈಕ್ ಪ್ರೋಟೀನಿಗೆ ಅಂಟಿಕೊಂಡು ಅದು ಜೀವಕೋಶಕ್ಕೆ ನುಗ್ಗದಂತೆ ತಡೆಯುತ್ತವೆ. ಮುಳ್ಳಿನ ಆಕಾರ ಸ್ವಲ್ಪ ಬದಲಾದರೂ ಹಿಡಿತ ಸಡಿಲವಾಗಬಹುದು. ಊರಲ್ಲಿ ಬಹಳ ಜನರಿಗೆ ಲಸಿಕೆ ಆಗಿದ್ದರೆ, ಅಥವಾ ಸೋಂಕು ಬಂದು ಹೋಗಿದ್ದರೆ, ಅಂಥ ಬದಲಾದ ವೈರಸ್ಸಿಗೇ ಜಾಸ್ತಿ ಅವಕಾಶ. ಉಳಿದವು ಹಿಂದೆ ಬೀಳುತ್ತವೆ.

ಇನ್ನೊಂದು ಸ್ವಾರಸ್ಯ ನೋಡಿ. ಸ್ಪೈಕ್ ಪ್ರೋಟೀನಿನ ಸರಪಳಿಯಲ್ಲಿ 484ನೇ ಜಾಗ ದಕ್ಷಿಣ ಆಫ್ರಿಕಾದ ಬೀಟಾ ರೂಪಾಂತರಿಯಲ್ಲೂ ಬ್ರೆಜಿಲ್‌ನ ಗಾಮಾ ರೂಪಾಂತರಿಯಲ್ಲೂ, ಒಂದಕ್ಕೊಂದು ಸಂಬಂಧವಿಲ್ಲದೆಯೇ, ಬದಲಾಗಿತ್ತು. ಪ್ರತಿಕಾಯಗಳು ಚೆನ್ನಾಗಿ ಹಿಡಿಯುವ ಜಾಗ ಅದು. 2021ರ ನವೆಂಬರ್‌ನಲ್ಲಿ ಬಂದ ಓಮಿಕ್ರಾನ್‌ನ ಸ್ಪೈಕಿನಲ್ಲಂತೂ 30ಕ್ಕೂ ಹೆಚ್ಚು ಬದಲಾವಣೆ, 484 ಕೂಡ ಸೇರಿ! ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಪತ್ತೆಯಾದದ್ದು ನಮ್ಮ ಬೆಂಗಳೂರಿನಲ್ಲೇ, ಡಿಸೆಂಬರ್ 2ರಂದು.

ಹಾಗಂತ ಲಸಿಕೆ ಸುಮ್ನೆ ದಂಡವಾಯಿತು ಅನ್ನಬೇಡಿ. ಸೋಂಕು ತಡೆಯುವ ಶಕ್ತಿ ಕುಗ್ಗಿತು, ನಿಜ. ಆದರೆ ಸೋಂಕು ತಗುಲಿದ ಜೀವಕೋಶಗಳನ್ನು ಗುರುತಿಸುವ ರಕ್ಷಣಾ ಕೋಶಗಳಾದ ಟಿ ಕೋಶಗಳು ಸ್ಪೈಕಿನ ಹಲವಾರು ತುಣುಕುಗಳನ್ನು ಗುರುತಿಸುತ್ತವೆ. ಅವುಗಳಲ್ಲಿ ಹೆಚ್ಚಿನವು ಓಮಿಕ್ರಾನ್‌ನಲ್ಲೂ ಹಾಗೇ ಇದ್ದವು. ಲಸಿಕೆ ಪಡೆದವರಲ್ಲಿ ಐಸಿಯುವರೆಗೆ ಹೋದವರು ಕಡಿಮೆ ಇದ್ದದ್ದಕ್ಕೆ ಇದೂ ಒಂದು ಕಾರಣ.