ಮೇಣದಬತ್ತಿಯ ಜೊತೆಗೆ ಒಂದು ಪ್ರಶ್ನೆ

ಪ್ರಶ್ನೆ: ಭಯೋತ್ಪಾದಕರ ದಾಳಿಯಾದಾಗಲೆಲ್ಲ ಜನ ಮೇಣದಬತ್ತಿ ಹಿಡಿದು ಸೇರುತ್ತಾರೆ, ಮರುದಿನ ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ. ಇದರಿಂದ ಏನಾದರೂ ಪ್ರಯೋಜನವಿದೆಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮುಂಬಯಿಯನ್ನೇ ನೋಡಿ. 2006ರ ಜುಲೈ 11ರ ಸಂಜೆ ಲೋಕಲ್ ರೈಲುಗಳಲ್ಲಿ ಏಳು ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಮರುದಿನವೇ ಜನ ಅದೇ ಮಾರ್ಗದ ರೈಲು ಹತ್ತಿದರು, ಊರಿನ ಕೆಚ್ಚನ್ನು ಎಲ್ಲರೂ ಕೊಂಡಾಡಿದರು. ದುಡಿದು ತಿನ್ನುವವರಿಗೆ ಆ ರೈಲು ಬಿಟ್ಟರೆ ಬೇರೆ ಗತಿಯಿರಲಿಲ್ಲ ಎಂಬುದು ಆ ಹೊಗಳಿಕೆಯಲ್ಲಿ ಮರೆಯಾಯಿತು. ಉತ್ತರ ಹೇಳಬೇಕಾದವರಿಗೆ ಅದರಿಂದ ಅನುಕೂಲವೇ ಆಯಿತೆಂದು ನಾನು ಭಾವಿಸುತ್ತೇನೆ.

2008ರ ನವೆಂಬರ್ 26ರ ದಾಳಿಯಲ್ಲಿ 166 ಜನ ಬಲಿಯಾದ ಮೇಲೆ ಜನರ ಧಾಟಿ ಬದಲಾಯಿತು. ಡಿಸೆಂಬರ್ 3ರ ಸಂಜೆ ಗೇಟ್‌ವೇ ಆಫ್ ಇಂಡಿಯಾದ ಮುಂದೆ ಸೇರಿದ ಸಾವಿರಾರು ಮಂದಿ ಮೇಣದಬತ್ತಿಯ ಜೊತೆಗೆ ಆಳುವವರನ್ನು ಪ್ರಶ್ನಿಸುವ ಫಲಕಗಳನ್ನೂ ಹಿಡಿದಿದ್ದರು. ಅಷ್ಟರಲ್ಲಿ ಕೇಂದ್ರ ಗೃಹಸಚಿವರು ರಾಜೀನಾಮೆ ಕೊಟ್ಟಾಗಿತ್ತು, ಮುಖ್ಯಮಂತ್ರಿಗಳೂ ಹುದ್ದೆ ಬಿಡಬೇಕಾಯಿತು. ಅದೇ ತಿಂಗಳು ರಾಷ್ಟ್ರೀಯ ತನಿಖಾ ದಳದ ಕಾಯ್ದೆ ಬಂತು. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರಿದ್ದ ಎನ್‌ಎಸ್‌ಜಿ ಕಮಾಂಡೊ ಪಡೆ ದೂರದ ದೆಹಲಿ ಬಳಿಯ ಮಾನೇಸರದಿಂದ ಬರುವಷ್ಟರಲ್ಲಿ ಬೆಳಗಾಗುತ್ತ ಬಂದಿತ್ತು. ಮರುವರ್ಷ ಆ ಪಡೆಯ ಕೇಂದ್ರವೊಂದು ಮುಂಬಯಿಯಲ್ಲೇ ತೆರೆಯಿತು. ಇದೆಲ್ಲ ಮೇಣದಬತ್ತಿಯಿಂದಲೇ ಆಯಿತೆನ್ನಲಾರೆ, ಆದರೆ ಜನ ಸುಮ್ಮನಿದ್ದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಒಂದು ನೋವು ಮಾತ್ರ ಉಳಿದಿದೆ. ಸಿಎಸ್‌ಟಿ ರೈಲುನಿಲ್ದಾಣದಲ್ಲಿ 50ಕ್ಕೂ ಹೆಚ್ಚು ಪ್ರಯಾಣಿಕರು ಸತ್ತರು. ಗುಂಡು ಹಾರುತ್ತಿದ್ದರೂ ಉದ್ಘೋಷಕರೊಬ್ಬರು ಕುಳಿತಲ್ಲಿಂದ ಏಳದೆ, ಹಿಂಬದಿಯ ಗೇಟಿನಿಂದ ಹೊರಗೆ ಹೋಗಿ ಎಂದು ಮೈಕಿನಲ್ಲಿ ಮತ್ತೆ ಮತ್ತೆ ಹೇಳಿ ಅನೇಕರ ಜೀವ ಉಳಿಸಿದರು. ಆದರೂ ಕ್ಯಾಮೆರಾಗಳೂ ದೀಪಗಳೂ ಹೆಚ್ಚಾಗಿ ತಾಜ್ ಹೋಟೆಲಿನತ್ತಲೇ ತಿರುಗಿದ್ದವು.

ಪ್ರಶ್ನೆ: 2008ರ ದಾಳಿಯಲ್ಲಿ ಸತ್ತ ದಾಳಿಕೋರರಿಗೆ ಮುಂಬಯಿಯ ಮುಸ್ಲಿಮರು ಮಣ್ಣು ಕೊಡಲು ಒಪ್ಪದಿದ್ದುದು ಸರಿಯೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಮಾಯಕರನ್ನು ಕೊಂದವರು ನಮ್ಮವರಲ್ಲ ಎಂದು ಜಾಮಾ ಮಸೀದಿ ಟ್ರಸ್ಟ್ ತನ್ನ ಖಬರಸ್ತಾನದಲ್ಲಿ ಒಂಬತ್ತು ಶವಗಳಿಗೂ ಜಾಗ ನಿರಾಕರಿಸಿತು, ಆ ಡಿಸೆಂಬರಿನ ಬಕ್ರೀದ್ ನಮಾಜಿಗೆ ಎಷ್ಟೋ ಜನ ಕಪ್ಪುಪಟ್ಟಿ ಕಟ್ಟಿಕೊಂಡು ಬಂದಿದ್ದರು. ಆ ನಿರ್ಧಾರವನ್ನು ನಾನು ಗೌರವಿಸುತ್ತೇನೆ. ಆದರೆ ಸ್ವತಃ ತಮ್ಮವರನ್ನೂ ಆ ದಾಳಿಯಲ್ಲಿ ಕಳೆದುಕೊಂಡಿದ್ದ ಸಮುದಾಯದಿಂದ ಇಂಥ ರುಜುವಾತನ್ನು ಯಾರೂ ನಿರೀಕ್ಷಿಸಬಾರದಿತ್ತು. ಶವಗಳು ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯ ಶವಾಗಾರದಲ್ಲೇ ಇದ್ದವು. 2010ರ ಜನವರಿಯಲ್ಲಿ ಸರ್ಕಾರ ಅವನ್ನು ಗುಟ್ಟಾಗಿ ಹೂಳಿಸಿತು.